ಪರವಾಗಿಲ್ಲ ಸರ್, ನಿಧಾನಕ್ಕೆ ಆಗಲಿ

ನಾನು ಆಪ್ತಸಲಹೆಗಾರ್ತಿ. ಮನೆ ಕೊಳ್ಳಲು ಅಡ್ವಾನ್ಸ್ ಕೊಟ್ಟು ಸಿಕ್ಕಿಹಾಕಿಕೊಂಡವರು ನನ್ನ ಬಳಿ ಬರುವುದು ಜಾಸ್ತಿಯಾಗಿದೆ. ಆದರೆ ಯಾರೂ ಮನೆಯ ವಿಷಯ ಹೇಳಿಕೊಂಡು ಬರುವುದಿಲ್ಲ. ನಿದ್ದೆ ಬರ್ತಿಲ್ಲ, ದಿನಾ ಜಗಳ, ಮಗು ಅಪ್ಪನ ಹತ್ತಿರ ಹೋಗೋಕೆ ಹೆದರುತ್ತೆ ಅಂತ ಬರುತ್ತಾರೆ. ಈ ದಂಪತಿಯೂ ಹಾಗೇ ಬಂದರು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಗಂಡನಿಗೆ ಮಂಡ್ಯದಲ್ಲಿ ಕೆಲಸ. ಮಗಳ ಓದಿಗೆ ಅನುಕೂಲ ಅಂತ ಮೈಸೂರಿನ ಕುವೆಂಪುನಗರದ ಕಡೆ 30×40ರ ಹಳೇ ಮನೆ ನೋಡಿದ್ದರು. ಹೆಂಡತಿಯ ಒಡವೆ ಅಡವಿಟ್ಟು 8 ಲಕ್ಷ ಅಡ್ವಾನ್ಸ್ ಕೊಟ್ಟಾಗಿತ್ತು. ಅಗ್ರಿಮೆಂಟಿನಲ್ಲಿ ಬರೆದ ಗಡುವು ಯಾವತ್ತೋ ಮುಗಿದಿತ್ತು. ಮಾರುವವರು ಮೊದಲು ಆಷಾಢ ಕಳೀಲಿ ಅಂದರು. ಆಮೇಲೆ ಪಿತೃಪಕ್ಷ. ಆಮೇಲೆ ದಸರಾ ಗಲಾಟೆ ಮುಗೀಲಿ. ಅಷ್ಟರಲ್ಲಿ ಧನುರ್ಮಾಸ ಬಂತು.

'ನಾನು ಕೇಳ್ತಾನೇ ಇದೀನಿ ಮೇಡಂ, ಅವರು ಮಾಡ್ತಿಲ್ಲ' ಅಂದರು ಗಂಡ. ಹೇಗೆ ಕೇಳ್ತೀರಿ, ಫೋನ್ ತೋರಿಸಿ ಅಂದೆ. ಹಿಂಜರಿಯುತ್ತಲೇ ವಾಟ್ಸಾಪ್ ತೆರೆದರು. ಎಲ್ಲ ಮೆಸೇಜೂ ಒಂದೇ ಥರ. 'ನಮಸ್ಕಾರ ಸರ್, ಊಟ ಆಯ್ತಾ ಸರ್' ಅಂತ ಶುರು. ನಡುವೆ 'ನಿಮಗೆ ತೊಂದರೆ ಇಲ್ಲಾಂದ್ರೆ ರಿಜಿಸ್ಟ್ರೇಷನ್ ವಿಷಯ'. ಆ ಕಡೆಯಿಂದ ಒಂದು ನೆಪ. ಕೊನೆಗೆ ಇವರದ್ದೇ ಮಾತು: 'ಪರವಾಗಿಲ್ಲ ಸರ್, ನಿಧಾನಕ್ಕೆ ಆಗಲಿ.'

ಪಕ್ಕದಲ್ಲಿದ್ದ ಹೆಂಡತಿ ಬಗ್ಗಿ ಓದುತ್ತಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: 'ನನ್ನ ಹತ್ರ ಒಂದು ದಿನಾನೂ ಇಷ್ಟು ನಯವಾಗಿ ಮಾತಾಡಿಲ್ಲ ನೀವು. ಒಡವೆ ಕೊಟ್ಟಿದ್ದು ನಾನು ಅಲ್ವಾ?'

ಆತ ಫೋನ್ ಕೆಳಗಿಟ್ಟರು. ಕಣ್ಣು ತುಂಬಿತ್ತು. 'ಗಟ್ಟಿಯಾಗಿ ಕೇಳಿದ್ರೆ ಬೇರೆಯವರಿಗೆ ಮಾರಿಬಿಡ್ತೀನಿ ಅಂತಾರೇನೋ ಅಂತ ಭಯ' ಅಂದರು. ಇಡೀ ಸಂಸಾರ ಆ ಭಯದ ಮೇಲೆ ನಡೀತಿತ್ತು. ಅಲ್ಲಿ ನುಂಗಿಕೊಂಡ ಸಿಟ್ಟು ಸಂಜೆ ಹೆಂಡತಿ ಮೇಲೆ, ಹೋಂವರ್ಕ್ ಮಾಡದ ಮಗಳ ಮೇಲೆ ಬೀಳುತ್ತಿತ್ತು.

ನಾನು ಅವತ್ತೇ ಹೇಳಿದ್ದು ಇಷ್ಟು. ಮೊದಲು ಒಬ್ಬ ವಕೀಲರಿಗೆ ಕಾಗದ ಪತ್ರ ತೋರಿಸಿ. ಹೊಸದಾಗಿ ಇಸಿ, ಅಂದರೆ ಆಸ್ತಿಯ ಋಣಭಾರ ಪ್ರಮಾಣಪತ್ರ, ತೆಗೆಸಿ. ಇಷ್ಟು ದಿನದೊಳಗೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬನ್ನಿ, ಬಾಕಿ ಹಣ ಸಿದ್ಧವಿದೆ ಅಂತ ಮಾರುವವರಿಗೆ ಪತ್ರ ಬರೆದು ಸ್ಪೀಡ್ ಪೋಸ್ಟ್ ಮಾಡಿ.

ಇದು ಆಪ್ತಸಲಹೆಗಾರರ ಕೆಲಸವೇ ಅಂತ ಕೆಲವು ಸಹೋದ್ಯೋಗಿಗಳು ಕೇಳಿದ್ದಾರೆ. ಹೌದು ಅಂತಲೇ ನನ್ನ ನಂಬಿಕೆ. ಹಣ ನಿಜವಾಗಿ ಹೋಗುತ್ತಿರುವಾಗ ಬರೀ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಆತಂಕಕ್ಕೆ ಕಾರಣವೇ ಕಣ್ಣೆದುರು ಇದೆ. ಅಗ್ರಿಮೆಂಟ್ ಪ್ರಕಾರ ಮನೆ ರಿಜಿಸ್ಟರ್ ಮಾಡಿಕೊಡಿ ಅಂತ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆಯಲ್ಲಿ ಇರುವುದು 3 ವರ್ಷ. ಗಡುವಿನ ದಿನಾಂಕ ಬರೆದಿದ್ದರೆ ಆ ದಿನದಿಂದಲೇ ಎಣಿಕೆ. ಕೊಳ್ಳಲು ತಾನು ಸದಾ ಸಿದ್ಧನಿದ್ದೆ ಅಂತ ಕೊಳ್ಳುವವನೇ ಕೋರ್ಟಿಗೆ ತೋರಿಸಬೇಕು. 'ನಿಧಾನಕ್ಕೆ ಆಗಲಿ' ಅನ್ನುವ ಮೆಸೇಜುಗಳು ಅಲ್ಲಿ ಇವರ ಕೈ ಹಿಡಿಯುವುದಿಲ್ಲ.

ಪತ್ರ ತಲುಪಿದರೆ ಅವರು ಫೋನ್ ಮಾಡಿ 'ನನ್ನ ಮೇಲೆ ನಂಬಿಕೆ ಇಲ್ವಾ?' ಅಂತಾರೆ ಎಂದು ಹೇಳಿದೆ. ಉತ್ತರ ಅಭ್ಯಾಸ ಮಾಡಿದೆವು. ಹೆಂಡತಿ ಮಾರುವವರ ಪಾತ್ರ ಮಾಡಿದರು, ಚೆನ್ನಾಗಿಯೇ ಗದರಿದರು. ಮೊದಮೊದಲು ಆತ 'ಛೇ, ಹಾಗಲ್ಲ ಸರ್' ಅಂತ ಕ್ಷಮೆ ಕೇಳಲು ಹೊರಡುತ್ತಿದ್ದರು. ಕೊನೆಗೆ ಸರಿಯಾಗಿ ಬಂತು: 'ನಂಬಿಕೆ ಇದೆ ಸರ್. ನನಗೆ ದಿನಾಂಕ ಬೇಕು.' ಮರ್ಯಾದೆ ಬಿಡಬೇಕಿಲ್ಲ. ಜೋರು ಮಾಡಬೇಕಿಲ್ಲ. ದಿನಾಂಕ ಕೇಳಿ ಅಲ್ಲಿಗೇ ನಿಲ್ಲಿಸಬೇಕು, ಅಷ್ಟೇ.

ಫೋನ್ ಬಂತು, ಅದೇ ಪ್ರಶ್ನೆ ಬಂತು. ಇವರು ಅದೇ ಉತ್ತರ ಕೊಟ್ಟರು. ಆಗ ನಿಜ ಹೊರಬಿತ್ತು. ಆ ಮನೆ ಮಾರುವವರ ತಂದೆಯದು, ಸ್ವಂತ ದುಡಿಮೆಯದು. ತಂದೆ ವಿಲ್ ಬರೆಯದೆ ತೀರಿಕೊಂಡಿದ್ದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಮಾರುವವರ ತಂಗಿಗೂ ಅಣ್ಣನಷ್ಟೇ ಪಾಲು. ಆಕೆ ಸಹಿ ಹಾಕಲು ಒಪ್ಪಿರಲಿಲ್ಲ. ಆಷಾಢ, ಧನುರ್ಮಾಸ ಎಲ್ಲ ಇದನ್ನು ಮುಚ್ಚಿಡಲು. ವಾರಸುದಾರರ ಹೆಸರಿರುವ ವಂಶವೃಕ್ಷದ ಪತ್ರ ಮೊದಲೇ ಕೇಳಿದ್ದರೆ ಅಡ್ವಾನ್ಸ್ ಕೊಡುವ ಮುಂಚೆಯೇ ತಿಳಿಯುತ್ತಿತ್ತು. ಇಸಿಯಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ ಕಾಣುತ್ತದೆ. ಒಪ್ಪದ ತಂಗಿ ಅದರಲ್ಲಿ ಕಾಣುವುದಿಲ್ಲ.

ಆ ಮನೆ ಇವರಿಗೆ ಸಿಗಲಿಲ್ಲ. ಅಡ್ವಾನ್ಸಿನಲ್ಲಿ 5 ಲಕ್ಷ ವಾಪಸ್ ಬಂದಿದೆ, ಉಳಿದದ್ದಕ್ಕೆ ವಕೀಲರ ನೋಟಿಸ್ ಹೋಗಿದೆ. ಬಂದ ಹಣದಲ್ಲಿ ಮೊದಲು ಒಡವೆ ಬಿಡಿಸಿಕೊಳ್ಳೋಣ ಅಂತ ಹೇಳಿದ್ದು ಗಂಡ.