‘ಆದಾಮ ನಿಜಾನಾ, ಡೈನೋಸಾರ್ ನಿಜಾನಾ?’

ಪ್ರಶ್ನೆ: ನಾನು ಉಡುಪಿ ಕಡೆಯ ಕಥೊಲಿಕ್ ಮನೆಯವಳು. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಹಗಲು ವಿಕಾಸವಾದದ ಪಾಠ, ಸಂಜೆ ಅಮ್ಮನ ಜೊತೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ. ‘ಎರಡು ದೋಣಿಗೂ ಕಾಲಿಟ್ಟಿದ್ದೀರಿ’ ಎಂದು ಸಹೋದ್ಯೋಗಿಯೊಬ್ಬರು ಚುಚ್ಚಿದರು. ಮೊನ್ನೆ ಅಣ್ಣನ ಮಗ, ಒಂಬತ್ತು ವರ್ಷದವನು, ‘ಆದಾಮ ನಿಜಾನಾ, ಡೈನೋಸಾರ್ ನಿಜಾನಾ’ ಎಂದು ಕೇಳಿದ. ಮಾತು ಮರೆಸಿ ಎದ್ದು ಬಂದೆ. ನನ್ನ ಬದುಕೇ ಸುಳ್ಳಾ?

ಉತ್ತರ: ಖಂಡಿತ ಅಲ್ಲ. ಹುಡುಗನಿಗೆ ಮಾತು ಮರೆಸಿದ್ದು ಮಾತ್ರ ಸರಿಯಾಗಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಪ್ರತಿವರ್ಷ ಬೋರ್ಡಿನ ಮೇಲೆ ಚೌಕ ಎಳೆದು, ಆನುವಂಶಿಕತೆಯ ನಿಯಮ ಕಂಡುಹಿಡಿದ ಮೆಂಡೆಲ್ ಪಾಠ ಮಾಡುತ್ತೀರಿ, ಅಲ್ವಾ? ಅವರು ಈಗಿನ ಚೆಕ್ ದೇಶದ ಬ್ರನೋ ಊರಿನ ಕ್ರೈಸ್ತ ಮಠದ ಸನ್ಯಾಸಿ. ಸುಮಾರು ಎಂಟು ವರ್ಷ ಮಠದ ತೋಟದಲ್ಲೇ ಬಟಾಣಿ ಬೆಳೆಸಿ, ಕಾಳು ಎಣಿಸಿ, ಬರೆದಿಟ್ಟರು. 1866ರಲ್ಲಿ ಅದು ಅಚ್ಚಾಯಿತು. ಎರಡನೇ ಪೀಳಿಗೆಯಲ್ಲಿ ಒಂದು ಗುಣ ಮೂರು ಪಾಲು, ಇನ್ನೊಂದು ಒಂದು ಪಾಲು ಕಾಣುತ್ತದೆ ಎಂಬ ಮೂರಕ್ಕೊಂದರ ಲೆಕ್ಕ ಬಂದದ್ದು ಎಣಿಕೆಯಿಂದ, ಬೈಬಲಿನಿಂದಲ್ಲ. ಹಾಗಂತ ಅವರು ಮಠ ಬಿಡಲಿಲ್ಲ. ಮುಂದೆ ಅದೇ ಮಠದ ಮುಖ್ಯಸ್ಥರಾದರು.

ನನಗೆ ಇನ್ನೂ ಜಾಸ್ತಿ ಇಷ್ಟ ಬೆಲ್ಜಿಯಂನ ಪಾದ್ರಿ ಜಾರ್ಜ್ ಲೆಮೆತ್ರ್. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಲೆಕ್ಕ ಹಾಕಿ ತೋರಿಸಿದವರು. 1951ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಅವರು, ಈ ವಿಜ್ಞಾನ ಸೃಷ್ಟಿಯ ಮಾತಿಗೆ ಸಾಕ್ಷಿ ಎಂಬಂತೆ ಭಾಷಣ ಮಾಡಿದರು. ಬೇರೆ ಯಾರಾದರೂ ಆಗಿದ್ದರೆ ಹಿಗ್ಗುತ್ತಿದ್ದರು. ಲೆಮೆತ್ರ್ ಅವರಿಗೆ ಅದು ಹಿಡಿಸಲಿಲ್ಲ. ನನ್ನ ಸಿದ್ಧಾಂತ ಧರ್ಮದ ಪ್ರಶ್ನೆಯ ಆಚೆಗಿನದು, ನಾಸ್ತಿಕರೂ ಒಪ್ಪಬಹುದಾದದ್ದು ಎಂಬುದು ಅವರ ನಿಲುವು. ದಿನವೂ ಪೂಜೆ ಮಾಡುವ ಪಾದ್ರಿಯೊಬ್ಬರು ವಿಜ್ಞಾನದ ಕೈಯಲ್ಲಿ ದೇವರ ಪರ ವಕಾಲತ್ತು ಹಾಕಿಸಲಿಲ್ಲ. ನೀವೂ ಹಾಕಿಸಬೇಡಿ. ಜಪಮಣಿಗಳಿಂದ ಜೀನ್‌ಗಳ ವಿವರ ಕೇಳಲೂ ಬೇಡಿ.

ನಿಮ್ಮ ಕಥೊಲಿಕ್ ಧರ್ಮಸಭೆಯೂ ನಿಮ್ಮನ್ನು ಹೊರಗೆ ನಿಲ್ಲಿಸಿಲ್ಲ. ವಿಕಾಸವಾದ ಬರೀ ಊಹೆಯಲ್ಲ, ಅದಕ್ಕೂ ಮಿಗಿಲು ಎಂದು 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರೇ ಹೇಳಿದ್ದಾರೆ. ಹಾಗಂತ ತಿಕ್ಕಾಟವೇ ಇಲ್ಲ ಅನ್ನಲಾರೆ. ಆದಾಮ ಒಬ್ಬನೇ ಮೂಲಪುರುಷನಾ ಎಂಬ ಬಗ್ಗೆ ಸಭೆಯೊಳಗೇ ಇನ್ನೂ ಚರ್ಚೆಯಿದೆ. ಇನ್ನು ನಂಬಿಕೆಯ ಹೆಸರಲ್ಲಿ ಯಾರಾದರೂ ಕಾಯಿಲೆಯವರಿಗೆ ‘ಮಾತ್ರೆ ಬಿಡಿ, ಪ್ರಾರ್ಥನೆ ಸಾಕು’ ಎಂದರೆ ಅಲ್ಲಿ ಸುಮ್ನೆ ಕೂರಬೇಡಿ.

ಈಗ ಹುಡುಗನ ವಿಷಯ. ಭಾನುವಾರ ಇಗರ್ಜಿಯಿಂದ ಬಂದ ಮೇಲೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಡೈನೋಸಾರ್ ನಿಜ ಕಣೋ, ಗುಜರಾತಿನ ರೈಯೋಲಿಯಲ್ಲಿ ಅದರ ಎಲುಬೂ ಮೊಟ್ಟೆಯೂ ಸಿಕ್ಕಿವೆ ಎನ್ನಿ. ಆಮೇಲೆ ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯ ಇಬ್ಬರೂ ಓದಿ. ಬೆಳಕು ಬರುವುದು ಮೊದಲ ದಿನ, ಸೂರ್ಯ ನಾಲ್ಕನೇ ದಿನ! ಸೂರ್ಯನಿಲ್ಲದೆ ಮೊದಲ ಮೂರು ದಿನ ಹೇಗೆ ಬಂತು ಎಂದು 3ನೇ ಶತಮಾನದಲ್ಲೇ ಒರಿಜೆನ್ ಎಂಬ ಕ್ರೈಸ್ತ ಪಂಡಿತರು ಕೇಳಿದ್ದರು. ಅದು ದಿನಚರಿ ಪುಸ್ತಕವಲ್ಲ ಎಂದು ಅವರಿಗೆ ಆಗಲೇ ಹೊಳೆದಿತ್ತು. ನಾವು ಯಾರವರು, ತಪ್ಪು ಮಾಡಿ ಯಾಕೆ ಅಡಗಿಕೊಳ್ಳುತ್ತೇವೆ ಎಂದು ಹೇಳುವ ಕಥೆ ಆದಾಮನದು ಎಂದು ನಿಮ್ಮ ಮಾತಿನಲ್ಲೇ ತಿಳಿಸಿ. ಅವನು ಇನ್ನೂ ಕೇಳುತ್ತಾನೆ, ಬಿಡುವುದಿಲ್ಲ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ. ಅಮ್ಮನೂ ಅಲ್ಲೇ ಕೂತು ಕೇಳಲಿ.