‘ಹಾರ್ಡ್ಲಿ’ ಅಂದರೆ ಕಷ್ಟಪಟ್ಟು ಅಲ್ಲ

ಪ್ರಶ್ನೆ: ಸಹೋದ್ಯೋಗಿಯೊಬ್ಬರ ಶಿಫಾರಸು ಪತ್ರದಲ್ಲಿ ‘ಹಿ ವರ್ಕ್ಸ್ ಹಾರ್ಡ್ಲಿ’ ಎಂದು ಬರೆದಿದ್ದೆ. ‘ಲಿ’ ಹೊಡೆದುಹಾಕಿದರು. ಕ್ರಿಯಾವಿಶೇಷಣಕ್ಕೆ ‘ಲಿ’ ಬೇಕಲ್ಲವೇ?

ಉತ್ತರ: ತಿದ್ದಿದವರು ನಿಮ್ಮ ಸಹೋದ್ಯೋಗಿಯ ಮಾನ ಉಳಿಸಿದ್ದಾರೆ. ‘ಹಿ ವರ್ಕ್ಸ್ ಹಾರ್ಡ್’ ಅಂದರೆ ಚೆನ್ನಾಗಿ ದುಡಿಯುತ್ತಾನೆ. ‘ಹಿ ಹಾರ್ಡ್ಲಿ ವರ್ಕ್ಸ್’ ಅಂದರೆ ಕೆಲಸ ಮಾಡುವುದೇ ಅಪರೂಪ. ಸ್ಲೋ–ಸ್ಲೋಲಿ ಸೂತ್ರ ಇಲ್ಲಿ ನಡೆಯದು. ‘ಹಾರ್ಡ್’ ಗುಣವಾಚಕವೂ ಹೌದು, ಕ್ರಿಯಾವಿಶೇಷಣವೂ ಹೌದು. ‘ಹಾರ್ಡ್ಲಿ’ಗೆ ಮೊದಲು ‘ಬಲವಾಗಿ, ಕಠಿಣವಾಗಿ’ ಎಂಬ ಅರ್ಥವೇ ಇತ್ತು. ಅದು ‘ಕಷ್ಟದಿಂದ’ ಎಂದಾಗಿ, 16ನೇ ಶತಮಾನದ ಹೊತ್ತಿಗೆ ‘ಇಲ್ಲವೆನ್ನುವಷ್ಟು ಕಡಿಮೆ’ ಎಂಬಲ್ಲಿಗೆ ಬಂದು ನಿಂತಿತು. ಲೇಟ್ (ತಡವಾಗಿ), ಲೇಟ್ಲಿ (ಇತ್ತೀಚೆಗೆ) ಜೋಡಿಯೂ ಇದೇ ಜಾತಿಯದು.

ಕ್ರಿಯಾಪದದ ಜೊತೆ ಬರುವ ‘ಹಾರ್ಡ್ಲಿ’ಯ ಜಾಗವನ್ನೂ ಗಮನಿಸಿ. ಮುಖ್ಯ ಕ್ರಿಯಾಪದಕ್ಕಿಂತ ಮೊದಲು, ಸಹಾಯಕ ಕ್ರಿಯಾಪದದ ನಂತರ: ‘ಐ ಕ್ಯಾನ್ ಹಾರ್ಡ್ಲಿ ಹಿಯರ್ ಯೂ’.

ನಮ್ಮವರು ಹೆಚ್ಚು ಎಡವುವುದು ಇನ್ನೊಂದು ಕಡೆ. ‘ಒಬ್ಬಿಬ್ಬರನ್ನು ಬಿಟ್ಟರೆ ಯಾರೂ ಬರಲಿಲ್ಲ’ ಎನ್ನುವಾಗ ಕನ್ನಡದಲ್ಲಿ ‘ಇಲ್ಲ’ ಕ್ರಿಯಾಪದದಲ್ಲೇ ಇರುತ್ತದೆ. ಆ ರೂಢಿಯಿಂದ ‘ಹಾರ್ಡ್ಲಿ ಎನಿವನ್ ಡಿಡ್ ನಾಟ್ ಕಮ್’ ಎಂದುಬಿಡುತ್ತೇವೆ. ‘ಹಾರ್ಡ್ಲಿ’ಯಲ್ಲೇ ನಿಷೇಧ ಅಡಗಿದೆ, ಇನ್ನೊಂದು ‘ನಾಟ್’ ಸೇರಿದರೆ ಹೆಚ್ಚುಕಡಿಮೆ ಎಲ್ಲರೂ ಬಂದರು ಎಂದಾಗುತ್ತದೆ! ‘ಹಾರ್ಡ್ಲಿ ಎನಿವನ್ ಕೇಮ್’ ಸಾಕು. ‘ನೋಬಡಿ’, ‘ನೆವರ್’ ಕೂಡ ಬೇಡ; ‘ಎನಿ’, ‘ಎವರ್’ ಬಳಸಿ. ಇದೇ ಕಾರಣಕ್ಕೆ ಬಾಲಪ್ರಶ್ನೆ (ವಾಕ್ಯದ ಕೊನೆಗೆ ಅಂಟಿಸುವ ಕಿರುಪ್ರಶ್ನೆ) ನಿಷೇಧವಿಲ್ಲದೆ ಬರುತ್ತದೆ: ‘ಯೂ ಹಾರ್ಡ್ಲಿ ನೋ ಹಿಮ್, ಡೂ ಯೂ?’

‘ಎನಿವನ್’ನಂಥ ಪದಕ್ಕಲ್ಲದೆ ಕ್ರಿಯಾಪದಕ್ಕೆ ಸೇರಿದ ‘ಹಾರ್ಡ್ಲಿ’ ವಾಕ್ಯದ ಮೊದಲಿಗೆ ಬಂದರೆ ಕರ್ತೃವೂ ಸಹಾಯಕ ಕ್ರಿಯಾಪದವೂ ಸ್ಥಾನ ಬದಲಿಸುತ್ತವೆ: ‘ಹಾರ್ಡ್ಲಿ ಹ್ಯಾಡ್ ಐ ಸ್ಯಾಟ್ ಡೌನ್ ವೆನ್ ದ ಫೋನ್ ರ‍್ಯಾಂಗ್’, ಕೂತಿದ್ದೇ ತಡ ಫೋನ್ ಬಂತು. ಇಲ್ಲಿ ‘ವೆನ್’ ಬರೆಯಿರಿ. ‘ದ್ಯಾನ್’ ಬರುವುದು ‘ನೋ ಸೂನರ್’ ಜೊತೆ. ಪರೀಕ್ಷೆಗಳಲ್ಲಿ ಇವೆರಡನ್ನೂ ಬೇಕೆಂದೇ ಕಲಸಿ ಕೇಳುತ್ತಾರೆ. ಮಾತಿನಲ್ಲಿ ಈ ರಚನೆ ತುಸು ಬಿಗುಮಾನದ್ದು. ‘ಐ ಹ್ಯಾಡ್ ಹಾರ್ಡ್ಲಿ ಸ್ಯಾಟ್ ಡೌನ್ ವೆನ್...’ ಎಂದರೆ ಸಹಜ.

ಪ್ರಶ್ನೆ: ‘ಹಾರ್ಡ್ಲಿ ಹತ್ತು ನಿಮಿಷ, ಬಂದೆ’ ಎನ್ನುತ್ತೇವಲ್ಲ, ಅದು ತಪ್ಪೇ?

ಉತ್ತರ: ಕನ್ನಡದ ಮಾತಿನಲ್ಲಿ ಅದು ‘ಹೆಚ್ಚೆಂದರೆ’ ಎಂಬ ಅರ್ಥದಲ್ಲಿ ನೆಲೆಯೂರಿದೆ, ಇರಲಿ ಬಿಡಿ. ಇಂಗ್ಲಿಷಿನಲ್ಲಿ ‘ಹಾರ್ಡ್ಲಿ ಟೆನ್ ಮಿನಿಟ್ಸ್ ಹ್ಯಾಡ್ ಪಾಸ್ಡ್’ ಎಂದರೆ ಹತ್ತು ನಿಮಿಷವೂ ಆಗಿರಲಿಲ್ಲ, ಆಗಿದ್ದರೆ ಅಷ್ಟೇ. ‘ಇಷ್ಟರೊಳಗೆ ಬರುತ್ತೇನೆ’ ಎಂದು ಗಡುವು ಹೇಳಬೇಕಾದಾಗ ‘ಟೆನ್ ಮಿನಿಟ್ಸ್ ಅಟ್ ಮೋಸ್ಟ್’ ಎಂದು ಬರೆಯಿರಿ.