ರೆಪ್ಲಿಕಾ ಇದೆಯಲ್ಲ, ಬ್ಯಾಕಪ್ ಯಾಕೆ ಸಾರ್?

ಪ್ರಶ್ನೆ: ನಮ್ಮದು ಎಂಟು ಜನರ ಟೀಮ್. ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುತ್ತೇವೆ. ಪ್ರೈಮರಿ, ಅಂದರೆ ಮುಖ್ಯ ಸರ್ವರ್ ಜತೆಗೆ, ಅದರಲ್ಲಾದ ಬದಲಾವಣೆಯನ್ನೆಲ್ಲ ನಕಲು ಮಾಡಿಕೊಳ್ಳುತ್ತಿರುವ ಒಂದು ರೆಪ್ಲಿಕಾ ಇದೆ. ಆದರೂ ಬೇರೆ ಬ್ಯಾಕಪ್ ಬೇಕಾ ಸಾರ್?

ಉತ್ತರ: ಬೇಕು. ಈ ಪ್ರಶ್ನೆಗೆ ಉತ್ತರ ಬರೆದು ಬರೆದು ಸಾಕಾಗಿದೆ. ಯಾವ ಸಾಲು ಅಂತ ಹೇಳುವ ವೇರ್ (WHERE) ಹಾಕೋದು ಮರೆತು ನೀವು ಡಿಲೀಟ್ ಹೊಡೆದರೆ, ಮರುಕ್ಷಣ ರೆಪ್ಲಿಕಾದಲ್ಲೂ ಡಿಲೀಟ್ ಆಗುತ್ತದೆ. ಅದರ ಕೆಲಸವೇ ಅದು. ಸರ್ವರ್ ಕೆಟ್ಟರೆ ರೆಪ್ಲಿಕಾ ಕಾಪಾಡೀತು, ನಿಮ್ಮ ಕೈತಪ್ಪಿಗೆ ಅದರಲ್ಲಿ ಮದ್ದಿಲ್ಲ.

ಪ್ರೋಗ್ರಾಮರ್‌ಗಳ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಕಂಪನಿಯ ಕಥೆ ಕೇಳಿ. 2017ರ ಜನವರಿ 31. ರೆಪ್ಲಿಕೇಶನ್ ಹಿಂದೆ ಬಿದ್ದಿತ್ತು. ತಡರಾತ್ರಿ ಅದನ್ನು ಸರಿಪಡಿಸಲು ಕೂತ ಎಂಜಿನಿಯರ್, ರೆಪ್ಲಿಕಾ ಅಂದುಕೊಂಡು ಪ್ರೈಮರಿಯ ಡೇಟಾ ಫೋಲ್ಡರನ್ನೇ ಅಳಿಸಿದರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿ ಹೋಗಿ 4.5 ಜಿಬಿ ಉಳಿದಿತ್ತು. ಬ್ಯಾಕಪ್ ಇರಲಿಲ್ಲವೇ? ದಿನಾ ಡಂಪ್, ಅಂದರೆ ಇಡೀ ಡೇಟಾಬೇಸಿನ ಕಾಪಿ, ತೆಗೆಯುವ ಸ್ಕ್ರಿಪ್ಟ್ ಇತ್ತು. ಆದರೆ ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6 ವರ್ಷನ್, ಓಡುತ್ತಿದ್ದ ಡಂಪ್ ಟೂಲ್ ಹಳೆಯ 9.2. ದಿನಾ ಫೇಲ್. ಎಚ್ಚರಿಸುವ ಇಮೇಲ್‌ಗಳೂ ಡಿಮಾರ್ಕ್ (ಇಮೇಲ್ ಅಸಲಿಯೇ ಎಂದು ನೋಡುವ ಪರೀಕ್ಷೆ) ತಕರಾರಿನಿಂದ ರಿಜೆಕ್ಟ್ ಆಗಿ ಯಾರಿಗೂ ತಲುಪಿರಲಿಲ್ಲ. ಕೊನೆಗೆ ಅವರನ್ನು ಉಳಿಸಿದ್ದು ಬೇರೆ ಯಾವುದೋ ಕೆಲಸಕ್ಕೆ ಆರು ಗಂಟೆ ಮೊದಲು ತೆಗೆದಿದ್ದ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಡೇಟಾದ ನಕಲು. ಇದನ್ನೆಲ್ಲ ಮುಚ್ಚಿಡದೆ ಬರೆದರು, ಅದಕ್ಕೇ ಅವರ ಮೇಲೆ ನನಗೆ ಗೌರವ.

ಹಾಗಾಗಿ 'ಬ್ಯಾಕಪ್ ಇದೆ' ಅನ್ನಬೇಡಿ. 'ಕಳೆದ ತಿಂಗಳು ರಿಸ್ಟೋರ್ ಮಾಡಿ ನೋಡಿದ್ದೇವೆ' ಅನ್ನಿ. ಬೇರೆ ಮಷಿನ್‌ನಲ್ಲಿ ರಿಸ್ಟೋರ್ ಮಾಡಿ, ಟೇಬಲ್‌ಗಳಲ್ಲಿ ಎಷ್ಟು ಸಾಲು ಬಂತು ಎಣಿಸಿ, ಎಷ್ಟು ಹೊತ್ತು ಹಿಡಿಯಿತು ಬರೆದಿಡಿ. ಪ್ರತಿ ಬದಲಾವಣೆಯೂ ದಾಖಲಾಗುವ ವಾಲ್ (WAL) ಫೈಲ್‌ಗಳನ್ನೂ ಆರ್ಕೈವ್ ಮಾಡಿ, ತಪ್ಪಾಗುವ ಹಿಂದಿನ ನಿಮಿಷಕ್ಕೆ ವಾಪಸ್ ಹೋಗಬಹುದು. ಪೋಸ್ಟ್‌ಗ್ರೆಸ್ 17ರಿಂದ ಇನ್‌ಕ್ರಿಮೆಂಟಲ್ ಬ್ಯಾಕಪ್ (ಹಿಂದಿನ ಬ್ಯಾಕಪ್ ನಂತರ ಬದಲಾದದ್ದನ್ನಷ್ಟೇ ತೆಗೆದಿಡುವುದು) ಬಂದಿದೆ, ಒಳ್ಳೆಯದೇ. ಆದರೆ ಹಳೆಯ ಫುಲ್ ಬ್ಯಾಕಪ್ ಬಿಸಾಡಿದರೆ ಅದರ ಮೇಲಿನ ತುಂಡುಗಳು ಕಸ.

'ಕ್ಲೌಡ್‌ನವರು ನೋಡ್ಕೋತಾರೆ' ಅನ್ನುವ ಕನ್ಸಲ್ಟೆಂಟ್‌ಗಳನ್ನು ನಂಬಬೇಡಿ. ಡೇಟಾಬೇಸನ್ನೇ ಡಿಲೀಟ್ ಮಾಡಿದರೆ ಆಟೊಮ್ಯಾಟಿಕ್ ಬ್ಯಾಕಪ್‌ಗಳೂ ಜತೆಗೇ ಹೋಗುವ ಸೆಟ್ಟಿಂಗ್ ಇರುತ್ತದೆ, ನೋಡಿಕೊಳ್ಳಿ. ಒಂದು ಕಾಪಿ ಬೇರೆ ಅಕೌಂಟಿನಲ್ಲಿರಲಿ. ನಾನು ಪುಕ್ಕಲ ಅಂದರೂ ಸರಿ, ಪ್ರೊಡಕ್ಷನ್, ಅಂದರೆ ಜನ ಬಳಸುತ್ತಿರುವ ಅಸಲಿ ಸರ್ವರ್ ತೆರೆದ ನನ್ನ ಟರ್ಮಿನಲ್ ಕಿಟಕಿ ಕೆಂಪು, ಗುರುತು ತಪ್ಪದಿರಲಿ ಅಂತ. ರಾತ್ರಿ ಹತ್ತರ ಮೇಲೆ ಅಲ್ಲಿ ಏನನ್ನೂ ಅಳಿಸುವುದಿಲ್ಲ.

ಪ್ರಶ್ನೆ: ಮಾಂಗೊಡಿಬಿ ಡೇಟಾಬೇಸ್ ಒಳ್ಳೆಯದಾ, ಪೋಸ್ಟ್‌ಗ್ರೆಸ್ಸಾ? ನಮ್ಮದು ಜಾಸ್ತಿ ಜೇಸನ್ (ಹೆಸರು-ಮೌಲ್ಯ ಜೋಡಿಗಳಾಗಿ ಬರೆದ ಡೇಟಾ).

ಉತ್ತರ: ಪೋಸ್ಟ್‌ಗ್ರೆಸ್. ಅದರಲ್ಲಿ ಜೇಸನ್ ಇಡಲೆಂದೇ 2014ರಿಂದ ಜೇಸನ್‌ಬಿ ಎಂಬ ಕಾಲಂ ಬಗೆ ಇದೆ.

ಪ್ರಶ್ನೆ: ಎಲ್ಲ ಕಾಲಂಗೂ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಹಾಕಿದರೆ ಸ್ಪೀಡ್ ಅಂತ ಒಂದು ವಿಡಿಯೊದಲ್ಲಿದೆ. ಹೌದಾ?

ಉತ್ತರ: ಆ ಪುಣ್ಯಾತ್ಮ ಯಾವತ್ತೂ ಇನ್ಸರ್ಟ್ ಮಾಡಿಲ್ಲ ಅಂತ ಕಾಣುತ್ತದೆ. ಹೊಸ ಸಾಲು ಸೇರಿಸುವ ಪ್ರತಿ ಇನ್ಸರ್ಟ್‌ಗೂ ಅಷ್ಟೂ ಇಂಡೆಕ್ಸ್‌ಗಳಿಗೆ ಬರೆಯಬೇಕು, ಅದು ನಿಧಾನ.

ಪ್ರಶ್ನೆ: ಸ್ಕೀಮಾ (ಟೇಬಲ್‌ಗಳ ರಚನೆ) ಯಾಕೆ ಬದಲಿಸಿದೆವು ಅನ್ನುವುದೆಲ್ಲ ಟೀಮ್ ಚಾಟ್ ಆ್ಯಪ್ ಸ್ಲ್ಯಾಕ್‌ನಲ್ಲಿದೆ, ಫ್ರೀ ಪ್ಲ್ಯಾನ್. ಡೇಟಾಬೇಸ್ ಪಾಸ್‌ವರ್ಡನ್ನೂ ಚಾನೆಲ್‌ನಲ್ಲೇ ಪಿನ್ ಮಾಡಿದ್ದೇವೆ. ಸಾಕಲ್ವಾ?

ಉತ್ತರ: ಫ್ರೀ ಪ್ಲ್ಯಾನ್‌ನಲ್ಲಿ 90 ದಿನ ದಾಟಿದ್ದು ಕಾಣಿಸುವುದಿಲ್ಲ. 2024ರ ಆಗಸ್ಟ್‌ನಿಂದ, ವರ್ಷ ದಾಟಿದ್ದನ್ನು ಅಳಿಸಿಯೇ ಹಾಕುತ್ತಾರೆ. ಕಾರಣವನ್ನು, ಸ್ಕೀಮಾ ಬದಲಿಸುವ ಮೈಗ್ರೇಶನ್ ಫೈಲ್‌ನಲ್ಲೇ ಎರಡು ಸಾಲು ಬರೆಯಿರಿ. ಪಾಸ್‌ವರ್ಡ್ ಇವತ್ತೇ ಬದಲಿಸಿ. ಪಿನ್ ತೆಗೆದರೆ ಸಾಲದು.